ಗೆರೆ ಬಂತಾ?

ಚಾಮರಾಜಪೇಟೆಯಲ್ಲಿ ನಮ್ಮ ಪಕ್ಕದ ಮನೆಯವರು ವಾಕಿಟಾಕಿ ತಯಾರಿಸುವ ಕಾರ್ಖಾನೆಯೊಂದರಲ್ಲಿ ಇಂಜಿನಿಯರು. ಗುಂಡಿ ಒತ್ತಿ ಮಾತಾಡಿದ ಮೇಲೆ, ಮಗುವಿನ ಜ್ವರ ನೋಡುವವರಂತೆ, ಮನೆಗೆ ತಂದು ಬಿಚ್ಚಿಟ್ಟ ವಾಕಿಟಾಕಿ ಸೆಟ್ಟಿನ ಟ್ರಾನ್ಸಿಸ್ಟರಿನ ಮೇಲೆ ಬೆರಳಿಡುತ್ತಿದ್ದರು. ಅದು ಕಾದಿದ್ದರೆ ಬ್ಯಾಟರಿ ದಂಡವಾಯಿತೆಂದು ಮುಖ ಸಿಂಡರಿಸುತ್ತಿದ್ದರು. ಕಾಯದಂತೆ ಮಾಡಿದರೆ ಇನ್ನೊಂದು ಪೀಡೆ: ಅಕ್ಕಪಕ್ಕದ ಟೀವಿಗಳಲ್ಲಿ ಗೆರೆಗಳು ಓಡುತ್ತಿದ್ದವು. ಹಾಗಾಗಿ ನಮ್ಮ ಗೇಟಿನ ಬಳಿ ನಿಂತು ಸೆಟ್ಟಿನಲ್ಲಿ ಮಾತಾಡಿ, ಕಿಟಕಿಗೆ ಬಂದು ಅಮ್ಮನನ್ನು ಕೇಳುತ್ತಿದ್ದರು: “ಗೆರೆ ಬಂತಾ?”

ಒಂದು ಭಾನುವಾರ ನಮ್ಮಲ್ಲೇ ಸಿನಿಮಾ ನೋಡುತ್ತಿದ್ದವರು, ಅದು ಮುಗಿಯುವ ಮುಂಚೆ ಸೆಟ್ಟು ಹಿಡಿದು ಹೊರಗೆ ಹೋದರು. ಟ್ರಾನ್ಸಿಸ್ಟರು ತಣ್ಣಗಿತ್ತು.

“ಗೆರೆ ಬಂತಾ?”

“ಒಂದೂ ಇಲ್ಲಪ್ಪ, ಚೆನ್ನಾಗಿತ್ತು,” ಎಂದಳು ಅಮ್ಮ.

ಅವರ ಮುಖ ಅರಳಿತು. ಸೋಮವಾರವೇ ಅದನ್ನು ಕಾರ್ಖಾನೆಗೆ ಒಪ್ಪಿಸುವುದಾಗಿ ಹೇಳಿ, ಕಾಫಿ ಹಿಡಿದು ಜಗಲಿಯಲ್ಲಿ ಕೂತರು. “ಕೊನೇಲಿ ಆ ಹುಡುಗಿ ಅಪ್ಪನ್ನ ಕ್ಷಮಿಸಿದ್ಳಾ?” ಎಂದು ಸುಮ್ಮನೆ ಕೇಳಿದರು.

ಅಮ್ಮನಿಗೆ ಗೊತ್ತಿರಲಿಲ್ಲ. ಕೊನೆಯ ದೃಶ್ಯವೆಲ್ಲ ಗೆರೆಗಳಲ್ಲಿ ಮುಳುಗಿಹೋಗಿತ್ತು. “ಪಾಪ, ಇಷ್ಟು ಕಷ್ಟಪಟ್ಟಿದೀರ, ಹೇಗೆ ಹೇಳೋದು ಅಂತ...”

ಅವರು ಲೋಟ ಕೆಳಗಿಟ್ಟು, ಜೇಬಿನಿಂದ ಸ್ಕ್ರೂಡ್ರೈವರು ತೆಗೆದರು.

“ನೀವು ಬೈಲಿಲ್ಲ ಅಂದ್ರೆ, ಇದು ಹೋದ ಕಡೆಯೆಲ್ಲ ಜನ ಬೈತಾರಮ್ಮ.”

ಮುಂದಿನ ವಾರದಿಂದ ಅಮ್ಮ ದಾಕ್ಷಿಣ್ಯ ಬಿಟ್ಟಳು. ಗೆರೆ ಕಂಡ ಕೂಡಲೇ, ಬೀದಿಗೆಲ್ಲ ಕೇಳುವಂತೆ ಕೂಗುತ್ತಿದ್ದಳು: “ಬಂತು ಕಣ್ರೀ, ಹಾಳಾಗ್ಲಿ ನಿಮ್ಮ ಡಬ್ಬ!”

ಗೇಟಿನ ಕಡೆಯಿಂದ ಅಷ್ಟೇ ಜೋರಾಗಿ ಉತ್ತರ ಬರುತ್ತಿತ್ತು: “ಥ್ಯಾಂಕ್ಸ್ ಅಮ್ಮಾ!”