ಬೀರಪ್ಪನಿಗೆ ಸುದ್ದಿ ಹೇಳುತ್ತಿದ್ದವಳು

ಮೊನ್ನೆ ಹಗರಿಬೊಮ್ಮನಹಳ್ಳಿಯ ಬಸ್ ನಿಲ್ದಾಣದಲ್ಲಿ ನಿಂತಿದ್ದಾಗ ಇದ್ದಕ್ಕಿದ್ದಂತೆ ಮಳೆ ಬಂತು. ಕುರಿ ಕಾಯುವ ಮುದುಕರೊಬ್ಬರು ಓಡಿಬಂದು ನನ್ನ ಪಕ್ಕದ ಕಲ್ಲುಬೆಂಚಿನ ಮೇಲೆ ಕೂತರು. ಅವರ ಹೆಗಲ ಮೇಲಿನ ಕರಿ ಕಂಬಳಿ ಚೆನ್ನಾಗಿ ನೆನೆದಿತ್ತು. ನೆನೆದ ಕಂಬಳಿಯ ವಾಸನೆ ನಿಮಗೆ ಗೊತ್ತಿದ್ದರೆ ನಾನು ವಿವರಿಸಬೇಕಾಗಿಲ್ಲ. ಕುರಿಯ ಉಣ್ಣೆ, ನೂಲು ಬಿಗಿಯಾಗಲೆಂದು ಹಚ್ಚಿದ ಹುಣಸೆ ಬೀಜದ ಗಂಜಿ, ಎಷ್ಟೋ ವರ್ಷದ ಒಲೆಯ ಹೊಗೆ, ಎಲ್ಲ ಸೇರಿ ಎದ್ದು ಬರುವ ಒಂದು ಬೆಚ್ಚಗಿನ, ಸ್ವಲ್ಪ ಒಗರಾದ ವಾಸನೆ ಅದು. ಆಚೆ ಕೂತಿದ್ದ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡು ಸರಿದಳು. ನಾನು ಮಾತ್ರ ಆ ಕಡೆಗೇ ಒಂಚೂರು ವಾಲಿಕೊಂಡೆ. ನನ್ನ ಬಸ್ಸು ಬಂದು ಹೋದದ್ದೂ ತಿಳಿಯಲಿಲ್ಲ. ನಲವತ್ತು ದಾಟಿದ ನಾನು, ಹೈಸ್ಕೂಲಿನಲ್ಲಿ ಗಣಿತ ಕಲಿಸುವ ನಾನು, ಆ ಹೊತ್ತು ಗುಡೇಕೋಟೆ ಕಡೆಯ ನನ್ನ ಅಜ್ಜಿಯ ಮನೆಯ ಹಜಾರದಲ್ಲಿ ಅವಳ ಕಂಬಳಿಯೊಳಗೆ ಮುದುಡಿ ಕೂತಿದ್ದೆ.

ಅಜ್ಜಿ ಎಂದರೆ ನನ್ನ ತಾಯಿಯ ತಾಯಿ, ಕೆಂಚಮ್ಮ. ಬಂಡೆಗುಡ್ಡಗಳ ನಡುವೆ ಮಣ್ಣಿನ ಮಾಳಿಗೆಯ ಮನೆ. ಹಿತ್ತಲಿನ ಬಾಗಿಲು ತೆರೆದರೆ ಕುರಿಹಟ್ಟಿ, ಹಟ್ಟಿಯ ಮೂಲೆಯಲ್ಲಿ ಒಂದು ಬೇವಿನ ಮರ, ಮರದ ಬುಡದಲ್ಲಿ ಮೊಣಕಾಲೆತ್ತರದ ಒಂದು ಕಲ್ಲು. ಆ ಕಲ್ಲೇ ಬೀರಪ್ಪ. ಅದಕ್ಕೆ ಗುಡಿಯಿರಲಿಲ್ಲ, ಪೂಜಾರಿ ಇರಲಿಲ್ಲ. ಮೈತುಂಬ ಭಂಡಾರದ ಅರಿಶಿನ ಮೆತ್ತಿಕೊಂಡು, ಕುರಿಗಳು ಮೈ ತಿಕ್ಕಿದಾಗಲೆಲ್ಲ ಸ್ವಲ್ಪ ಸ್ವಲ್ಪ ಅಳಿಸಿಕೊಂಡು, ಮನೆಯ ಹಿರಿಯನ ಹಾಗೆ ಕೂತಿತ್ತು. ಬೆಳಿಗ್ಗೆ ಮೊದಲ ರೊಟ್ಟಿ ಬೆಂದ ಕೂಡಲೇ ಅಜ್ಜಿ ಅದರಲ್ಲೊಂದು ಚೂರು ಮುರಿದು, ಶೇಂಗಾ ಚಟ್ನಿ ಹಚ್ಚಿ, ಕಲ್ಲಿನ ಮುಂದಿಟ್ಟು ಕುಕ್ಕರಗಾಲಲ್ಲಿ ಕೂತು ಮಾತು ಶುರು ಮಾಡುತ್ತಿದ್ದಳು. ಕಣ್ಣು ಮುಚ್ಚುತ್ತಿರಲಿಲ್ಲ, ಕೈ ಮುಗಿಯುವುದೂ ಕೊನೆಗೆ ನೆನಪಾದರೆ ಉಂಟು. "ಉಣ್ಣಪ್ಪ. ಉಪ್ಪು ಒಂದೀಟು ಜಾಸ್ತಿ ಆಗೈತಿ, ಹೊಂದಿಸಿಕೋ. ಕುಂಟ ಕುರಿ ಇವತ್ತು ಎದ್ದು ನಿಂತೈತಿ. ನಮ್ಮ ಗಿರಿಜಾನ ಮಗಳು ಬಂದಾಳ ನೋಡು, ಸರೂ, ಎಷ್ಟು ಎತ್ತರ ಆಗ್ಯಾಳ." ನನ್ನ ಹೆಸರು ಬಂದಾಗ ನಾನು ನಾಚಿ ಅವಳ ಬೆನ್ನ ಹಿಂದೆ ಅಡಗುತ್ತಿದ್ದೆ. ಯಾರೋ ನನ್ನನ್ನು ನಿಜವಾಗಿ ನೋಡುತ್ತಿದ್ದಾರೆ ಅನ್ನಿಸುತ್ತಿತ್ತು.

ಈ ಮಾತುಕತೆಯನ್ನು ತಡೆಯಲಾಗದೆ ಒದ್ದಾಡುತ್ತಿದ್ದವರು ಸಿದ್ದಪ್ಪ ಮಾವ, ಅಜ್ಜಿಯ ಒಬ್ಬನೇ ಮಗ. ಮಾವ ಕೊಟ್ಟೂರಿನ ಕಾಲೇಜೊಂದರಲ್ಲಿ ತರ್ಕಶಾಸ್ತ್ರ ಕಲಿಸುತ್ತಿದ್ದರು. ಶನಿವಾರ ಬರುವಾಗ ನಮಗೆ ಮಂಡಕ್ಕಿ, ಮಿರ್ಚಿ ಕಟ್ಟಿಸಿಕೊಂಡು ಬರುತ್ತಿದ್ದರು. ಎಣ್ಣೆ ಹೀರಿದ ಕಾಗದ ಬಿಚ್ಚುತ್ತಲೇ ವಾದ ಶುರು. "ಜಗತ್ತು ಹುಟ್ಟಾಕ ಒಂದು ಕಾರಣ ಐತಿ ಅನ್ನು ಅವ್ವ, ಬೇಕಾದ್ರ ಒಪ್ಕೊಂತೀನಿ. ಆದ್ರ ಆ ಕಾರಣ ಕೆಂಚಮ್ಮನ ಕುಂಟ ಕುರಿ ಸುದ್ದಿ ಕೇಳ್ಕೊಂತ ಕೂತೈತಿ ಅಂದ್ರ ಹೆಂಗ ನಂಬ್ಲಿ?" ಅಜ್ಜಿ ಮಿರ್ಚಿಯ ತೊಟ್ಟು ಕಿತ್ತು ನನ್ನ ಕೈಗಿಡುತ್ತ ನಿಧಾನಕ್ಕೆ ಹೇಳುತ್ತಿದ್ದಳು, "ಕಾರಣಕ್ಕ ಕಿವಿ ಇರಲ್ಲ, ಖರೆ ಐತಿ. ಅದಕ್ಕ ನಾನು ಕಾರಣದ ಜೋಡಿ ಮಾತಾಡಲ್ಲ. ಬೀರಪ್ಪನ ಜೋಡಿ ಮಾತಾಡ್ತೀನಿ." ಮಾವ ಸೋತು ನಗುತ್ತಿದ್ದರು. ಅವರಿಬ್ಬರ ಈ ಜಗಳದಲ್ಲಿ ದನಿ ಏರುತ್ತಿರಲಿಲ್ಲ. ಪ್ರತಿವಾರ ಅದಕ್ಕಾಗಿಯೇ ಕಾಯುತ್ತಿದ್ದರೇನೋ ಎಂದು ಈಗ ತೋರುತ್ತದೆ.

ನಾನು ಆರನೇ ಕ್ಲಾಸು ಮುಗಿಸಿದ ಬೇಸಿಗೆಯಲ್ಲಿ ಮಾವ ಒಂದು ಪರೀಕ್ಷೆ ಹೂಡಿದರು. ಅತ್ತೆ, ಅಂದರೆ ಮಾವನ ಹೆಂಡತಿ ರತ್ನಮ್ಮ, ಚೊಚ್ಚಲ ಬಾಣಂತನಕ್ಕೆಂದು ತವರಾದ ಉಜ್ಜಿನಿಗೆ ಹೋಗಿದ್ದರು. ಕಾಲೇಜಿಗೆ ರಜೆ ಇದ್ದುದರಿಂದ ಮಾವ ಊರಲ್ಲೇ ಇದ್ದರು. ಒಂದು ನೋಟ್‌ಬುಕ್ ತೆಗೆದು ಸ್ಕೇಲಿಟ್ಟು ಎರಡು ಮನೆ ಎಳೆದರು. ಒಂದರ ಮೇಲೆ 'ಕೇಳಿದ್ದು', ಇನ್ನೊಂದರ ಮೇಲೆ 'ಆದದ್ದು'. ಅಜ್ಜಿ ಬೀರಪ್ಪನಲ್ಲಿ ಏನೇನು ಬೇಡುತ್ತಾಳೋ ಅದನ್ನೆಲ್ಲ ನಾನು ಬರೆಯಬೇಕು, ಅದು ಆಯಿತೋ ಇಲ್ಲವೋ ನೋಡಿ ಎದುರಿಗೆ ತುಂಬಬೇಕು. ಬೇಸಿಗೆ ಮುಗಿದ ಮೇಲೆ ಲೆಕ್ಕ ಹಾಕಿದರೆ ಬೀರಪ್ಪನಿಗೆ ಕೇಳುತ್ತದೋ ಇಲ್ಲವೋ ಗೊತ್ತಾಗುತ್ತದೆ. ಅಜ್ಜಿ ಒಪ್ಪಿದಳು. "ಬರೀಲಿ ಬಿಡು, ಹುಡುಗಿ ಅಕ್ಷರನಾದ್ರೂ ದುಂಡಗಾಗ್ತಾವ" ಎಂದಳು. ನಾನು ದಿನಾ ಬೆಳಿಗ್ಗೆ ಪೆನ್ಸಿಲ್ ಹಿಡಿದು ಅವಳ ಪಕ್ಕದಲ್ಲಿ ಕೂತೆ. ಒಂದು ವಾರ ಕಳೆಯಿತು, ಎರಡು ವಾರ ಕಳೆಯಿತು. ನೋಟ್‌ಬುಕ್ ಖಾಲಿ. ಅಜ್ಜಿ ಏನನ್ನೂ ಬೇಡುತ್ತಲೇ ಇರಲಿಲ್ಲ. ಕರಡಿ ಇಳಿದು ಪಕ್ಕದವರ ಹೊಲ ತುಳಿದದ್ದು, ಸೊಸೆಗೆ ಕಾಲು ಬಾವು ಬಂದಿದೆಯಂತೆ ಎಂಬ ಸುದ್ದಿ, ಮಗ ಸರಿಯಾಗಿ ಉಣ್ಣದೆ ಪುಸ್ತಕ ಓದುತ್ತ ಕೂರುತ್ತಾನೆಂಬ ದೂರು, ಇವನ್ನೆಲ್ಲ ಹೇಳುವಳು, ನಡುನಡುವೆ ನಗುವಳು, ಎದ್ದು ಹೋಗುವಳು. "ಅಜ್ಜಿ, ಏನಾರ ಕೇಳು, ಬರೀಬೇಕು" ಎಂದು ನಾನೇ ಗೋಗರೆದೆ. "ಏನು ಕೇಳಲೇ, ಅಂವಗ ಗೊತ್ತಿಲ್ಲೇನು" ಎಂದಳು. ಮಾವ ದಿನಾ ನೋಟ್‌ಬುಕ್ ತಿರುವಿ, ಗಲ್ಲ ಕೆರೆದುಕೊಂಡು, ಹಾಗೇ ಮುಚ್ಚಿಡುತ್ತಿದ್ದರು.

ಆಮೇಲೆ ಒಂದು ಬೆಳಿಗ್ಗೆ ಊರ ಅಂಗಡಿಯ ಫೋನಿಗೆ ಸುದ್ದಿ ಬಂತು. ಅತ್ತೆಗೆ ಎರಡು ತಿಂಗಳು ಮೊದಲೇ ಹೆರಿಗೆಯಾಗಿತ್ತು. ಹೆಣ್ಣುಕೂಸು. ಬೊಗಸೆಯಷ್ಟಿತ್ತಂತೆ. ದಾವಣಗೆರೆಯ ಆಸ್ಪತ್ರೆಗೆ ಒಯ್ದಿದ್ದರು. ಮಾವ ಉಟ್ಟ ಬಟ್ಟೆಯಲ್ಲೇ ಬಸ್ಸು ಹತ್ತಿದರು. ಅವರು ತಿರುವಿನಲ್ಲಿ ಮರೆಯಾದ ಮೇಲೆ ಅಜ್ಜಿ ಹಟ್ಟಿಗೆ ಬಂದಳು. ರೊಟ್ಟಿ ಇಡಲಿಲ್ಲ, ಕೂರಲೂ ಇಲ್ಲ. ನಿಂತೇ ಹೇಳಿದಳು, "ಇಷ್ಟು ವರ್ಷ ಒಂದೂ ಕೇಳಿಲ್ಲ ನಿನ್ನ. ಈ ಕೂಸು ಉಳಿಸಿಕೊಡು." ಒಳಗೆ ಹೋದಳು. ನಾನು ಮೊದಲ ಮನೆಯಲ್ಲಿ ಬರೆದೆ: ಕೂಸು ಉಳಿಯಬೇಕು. ಐದು ದಿನ ಬದುಕಿತ್ತು ಅದು. ಆ ಐದೂ ದಿನ ನಾನು ಎರಡನೇ ಮನೆಯನ್ನು ನೋಡುತ್ತ, 'ಆಯಿತು' ಎಂದು ಬರೆಯಲು ಪೆನ್ಸಿಲ್ ಚೂಪು ಮಾಡಿ ಇಟ್ಟುಕೊಂಡಿದ್ದೆ. ಸುದ್ದಿ ತಿಳಿದ ಮೇಲೆ ಆ ನೋಟ್‌ಬುಕ್ಕನ್ನು ಜೋಳದ ಚೀಲಗಳ ಹಿಂದೆ ಬಚ್ಚಿಟ್ಟೆ. ಬರೆದರೆ ಬೀರಪ್ಪನ ಮೇಲೆ ಸಾಕ್ಷಿ ಹೇಳಿದಂತೆ, ಬರೆಯದಿದ್ದರೆ ಮಾವನಿಗೆ ಸುಳ್ಳು ಹೇಳಿದಂತೆ. ಹನ್ನೊಂದು ವರ್ಷದ ನನಗೆ ಅದಕ್ಕಿಂತ ದೊಡ್ಡ ಸಂಕಟ ಗೊತ್ತಿರಲಿಲ್ಲ.

ಅಜ್ಜಿ ಮೂರು ದಿನ ಹಟ್ಟಿಯ ಆ ಮೂಲೆಗೆ ಹೋಗಲಿಲ್ಲ. ಕುರಿಗಳಿಗೆ ನೀರಿಡುವಾಗಲೂ ಕಲ್ಲಿಗೆ ಬೆನ್ನು ಮಾಡಿಯೇ ನಡೆದಳು. ನಾಲ್ಕನೇ ದಿನ ಮಾವ ಬಂದರು. ಕಣ್ಣು ಒಳಗೆ ಹೋಗಿದ್ದವು. ಮೊದಲು ಕೇಳಿದ್ದೇ ನೋಟ್‌ಬುಕ್. ನಾನು ಅಳುತ್ತ ತಂದುಕೊಟ್ಟೆ. ಅವರು ಒಂದೇ ಸಾಲನ್ನು ತುಂಬ ಹೊತ್ತು ನೋಡಿ, ಎದುರಿಗೆ ತಾವೇ 'ಇಲ್ಲ' ಎಂದು ಬರೆದರು. ಅಷ್ಟರಲ್ಲಿ ಒಲೆಯ ಮುಂದಿನಿಂದ ಅಜ್ಜಿ ಎದ್ದಳು. ಕೈಯಲ್ಲಿ ರೊಟ್ಟಿಯ ಚೂರಿತ್ತು. ಹಿತ್ತಲ ಬಾಗಿಲು ದಾಟಿ ಹೋಗಿ ಕಲ್ಲಿನ ಮುಂದೆ ಇಟ್ಟು ಎಂದಿನಂತೆ ಕುಕ್ಕರಗಾಲಲ್ಲಿ ಕೂತಳು. ಮಾವ ಹಿಂದೆಯೇ ಹೋದರು. ಅವರ ದನಿ ಏರಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

"ಇನ್ನೂ ಅಂವಗ ರೊಟ್ಟಿ ಇಡ್ತಿಯಲ್ಲವ್ವ! ಒಂದೇ ಒಂದು ಕೇಳಿದ್ದಿ. ಕೊಟ್ನೇನು?"

ಅಜ್ಜಿ ತಿರುಗಿ ನೋಡಿದಳು. "ಕೊಡಲಿಲ್ಲ. ಅದನ್ನೂ ಅಂವಗೇ ಹೇಳಬೇಕಲ್ಲೋ ಸಿದ್ದ. ಮತ್ತ್ಯಾರಿಗೆ ಹೇಳ್ಲಿ?"

ಆಮೇಲೆ ಅವಳು ಕಲ್ಲಿನ ಕಡೆ ತಿರುಗಿ ಹೇಳತೊಡಗಿದಳು. ಬೈದಳು, ಅತ್ತಳು, ಕೂಸಿನ ಬೆರಳು ಹೇಗಿದ್ದವೆಂದು ಮಗನನ್ನೇ ಕೇಳಿ ಕೇಳಿ ಬೀರಪ್ಪನಿಗೆ ಒಪ್ಪಿಸಿದಳು. ಅಲ್ಲಿಯವರೆಗೆ ನಿಂತೇ ಇದ್ದ ಮಾವ, ಬೆರಳಿನ ಮಾತು ಬಂದಾಗ ಅವಳ ಪಕ್ಕದಲ್ಲಿ ಮಣ್ಣಿನಲ್ಲೇ ಕೂತು, ಅವಳ ಹೆಗಲಿಗೆ ಹಣೆಯಿಟ್ಟು ಅತ್ತರು. ಅಂದು ಸಂಜೆ ನೋಟ್‌ಬುಕ್ಕಿನ ಆ ಸಾಲಿನ ಕೆಳಗೆ ಅವರು ಇನ್ನೊಂದು ಸಾಲು ಬರೆದಿದ್ದರು: 'ಪರೀಕ್ಷೆ ಸರಿಯಾಗಿರಲಿಲ್ಲ. ಏನನ್ನು ಅಳೆಯಬೇಕೆಂದು ನನಗೇ ತಿಳಿದಿರಲಿಲ್ಲ.'

ಮಾವ ಆಸ್ತಿಕರಾದರೆಂದು ನೀವು ತಿಳಿಯಬಾರದು. ಆಗಲಿಲ್ಲ. ನಾನು ಕಾಲೇಜಿಗೆ ಹೋಗುವಾಗ ಒಮ್ಮೆ ಕೊಟ್ಟೂರಿನ ಅವರ ಮನೆಯಲ್ಲಿ ನೇರವಾಗಿ ಕೇಳಿಯೇಬಿಟ್ಟಿದ್ದೆ, ಅಜ್ಜಿಯ ನಂಬಿಕೆ ತರ್ಕಕ್ಕೆ ನಿಲ್ಲುತ್ತದೆಯೇ ಎಂದು. ಅತ್ತೆ ಆಗ ತಮ್ಮ ಎರಡನೇ ಮಗಳಿಗೆ ಜಡೆ ಹಾಕುತ್ತಿದ್ದವರು ಕೈ ನಿಲ್ಲಿಸಿ ಗಂಡನ ಮುಖ ನೋಡಿದರು. ಮಾವ ಕನ್ನಡಕ ಒರೆಸಿಕೊಂಡರು. "ಅಂವ ಅದಾನ, ಅಂವಗ ನಾನು ಗೊತ್ತದೀನಿ, ಅನ್ನೋದು ಅಕಿ ಮೊದಲನೇ ಮಾತು. ಅದೊಂದು ಒಪ್ಕೊಂಡ್ರ ಉಳಿದಿದ್ದೆಲ್ಲ ಒಂದರ ಹಿಂದೊಂದು ನೆಟ್ಟಗ ಬರ್ತಾವ. ಬೈಯೋದು ಬರ್ತೈತಿ, ಅಳೋದು ಬರ್ತೈತಿ. ಇಷ್ಟು ವರ್ಷ ಅದರಾಗ ಒಂದು ತಪ್ಪು ಹುಡುಕೀನಿ, ಸಿಕ್ಕಿಲ್ಲ." "ಆ ಮೊದಲನೇ ಮಾತು?" ಎಂದೆ. "ಅದನ್ನ ಸಾಬೀತು ಮಾಡಾಕ ಬರಲ್ಲ. ಯಾರೂ ಇಲ್ಲ ಅನ್ನೋ ನನ್ನ ಮೊದಲನೇ ಮಾತೂ ಹಂಗ ಐತಿ. ಅಕಿ ಅಲ್ಲಿಂದ ಹೊಂಟಾಳ, ನಾನು ಇಲ್ಲಿಂದ ಹೊಂಟೀನಿ, ಅಷ್ಟ." ಹೀಗೆ ಹೇಳಿ ಅವರು ಮಗಳ ಕೈಗೆ ರಿಬ್ಬನ್ ಕೊಟ್ಟರು. ನಾನು ಇಂದಿಗೂ ಶಾಲೆಯ ಮಕ್ಕಳಿಗೆ ರೇಖಾಗಣಿತದಲ್ಲಿ ಸಾಬೀತಿಲ್ಲದೆ ಒಪ್ಪಿಕೊಳ್ಳುವ ಸ್ವಯಂಸಿದ್ಧಗಳನ್ನು ಹೇಳಿಕೊಡುವಾಗ ಒಂದು ಗಳಿಗೆ ತಡೆಯುತ್ತೇನೆ; ಅವರಿಗೆ ಯಾಕೆಂದು ಗೊತ್ತಾಗುವುದಿಲ್ಲ.

ವಯಸ್ಸು ಎಂಬತ್ತರ ಹತ್ತಿರ ಬಂದಾಗ ಅಜ್ಜಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋದವು; ಮಾತು ಪೂರ್ತಿ ನಿಂತಿತು. ಬೆಳಿಗ್ಗೆ ಹಿತ್ತಲ ಬಾಗಿಲಿಗೆ ತಂದು ಕೂರಿಸಿದರೆ ಬೇವಿನ ಮರದ ಕಡೆ ನೋಡುತ್ತ ತುಟಿ ಅಲ್ಲಾಡಿಸುವಳು, ಕಣ್ಣಲ್ಲಿ ನೀರು ಇಳಿಯುವುದು. ನಾವು ನೀರು ಬೇಕೇ, ಹೊದಿಕೆ ಬೇಕೇ ಎಂದು ಕೇಳಿ ಸೋತೆವು. ತಿಳಿದದ್ದು ಮಾವನಿಗೆ. "ಅಕಿ ಹತ್ರ ಸುದ್ದಿ ಕೂಡ್ಯಾವ, ಹೇಳಾಕ ಆಗವಲ್ದು" ಎಂದವರೇ ರೊಟ್ಟಿಯ ಚೂರು ಹಿಡಿದು ಕಲ್ಲಿನ ಮುಂದೆ ಹೋಗಿ ನಿಂತರು. ಗಂಟಲು ಸರಿಮಾಡಿಕೊಂಡು, ಪಾಠ ಹೇಳುವ ಕನ್ನಡದಲ್ಲಿ, "ಈ ವಾರ ಎರಡು ಕುರಿಗಳು ಮರಿ ಹಾಕಿವೆ" ಎಂದು ಶುರು ಮಾಡಿದರು. ಅಜ್ಜಿ ಎಡಗೈಯಿಂದ ಹೊಸ್ತಿಲು ಬಡಿದಳು. ಹಾಗಲ್ಲ ಎಂದು. ಮಾವ ತಲೆ ಕೆರೆದುಕೊಂಡು ಕುಕ್ಕರಗಾಲಲ್ಲಿ ಕೂತರು. "ಬೀರಪ್ಪ, ಉಣ್ಣಪ್ಪ. ಎರಡು ಕುರಿ ಈದಾವ ನೋಡು." ಅಜ್ಜಿಯ ಅರ್ಧ ಮುಖ ನಕ್ಕಿತು. ಅಂದಿನಿಂದ ಎರಡು ವರ್ಷ, ಪ್ರತಿ ಭಾನುವಾರ, ಆ ದೇವರನ್ನು ನಂಬದ ಮಾವ ಕೊಟ್ಟೂರಿನಿಂದ ಬಂದು ಅವನಿಗೆ ಊರ ಸುದ್ದಿ ಹೇಳಿದರು. ಏನಾದರೂ ಬಿಟ್ಟರೆ ಹೊಸ್ತಿಲು ಬಡಿಯುವ ಸದ್ದು ಬರುತ್ತಿತ್ತು. ಬರಬರುತ್ತ ತಮ್ಮ ಬಿಪಿ, ಮಗಳ ಓದು, ಯಾರಿಗೂ ಹೇಳದ ಬೇಸರಗಳು, ಎಲ್ಲ ಹೇಳುತ್ತಿದ್ದರು. ಅಜ್ಜಿ ಕಣ್ಣು ಮುಚ್ಚಿ ಕೇಳುತ್ತಿದ್ದಳು.

ಈಗ ಆ ಹಟ್ಟಿ ಇಲ್ಲ. ಕುರಿಗಳನ್ನು ಸಂಬಂಧಿಕರು ಒಯ್ದರು, ಮಾಳಿಗೆ ಎರಡು ಮಳೆಗೆ ಕುಸಿಯಿತು, ಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗುತ್ತವೆ. ಮಾವನೂ ಹೋಗಿ ಮೂರು ವರ್ಷವಾಯಿತು. ನನಗೆ ಉಳಿದಿರುವುದು ಅಜ್ಜಿ ಹೋದ ದಿನದ ಮಧ್ಯಾಹ್ನ. ಮನೆ ತುಂಬ ಜನ, ಹೆಂಗಸರ ಅಳು. ಮಾವ ಕಾಣಲಿಲ್ಲವೆಂದು ಹುಡುಕುತ್ತ ಹಿತ್ತಲ ಬಾಗಿಲಿಗೆ ಹೋದೆ. ಅವರು ಬರಿಗಾಲಲ್ಲಿ ಬೇವಿನ ಮರದ ಕೆಳಗೆ ಕೂತಿದ್ದರು. ಅಂದು ಭಾನುವಾರವಾಗಿರಲಿಲ್ಲ, ಹೊಸ್ತಿಲ ಮೇಲೆ ಕೇಳುವವರು ಯಾರೂ ಇರಲಿಲ್ಲ.

"ಬೀರಪ್ಪ," ಎಂದರು ಮೆಲ್ಲಗೆ, "ಅವ್ವ ಹೋದ್ಲು. ಬೆಳಿಗ್ಗೆ ಒಂದೀಟು ಗಂಜಿ ಕುಡಿದಿದ್ಲು. ನರಳಲಿಲ್ಲ."

ಒಳಗಿನಿಂದ ಯಾರೋ ಅವರ ಹೆಸರು ಹಿಡಿದು ಕರೆದರು. ಮಾವ ಏಳಲಿಲ್ಲ. ಎದುರಿಗಿದ್ದವರ ಮಾತು ಮುಗಿಯಲೆಂದು ಕಾಯುವವರ ಹಾಗೆ, ತಲೆ ತಗ್ಗಿಸಿ ಕೂತೇ ಇದ್ದರು.