ಅಂಗಳದ ಕ್ಯಾಮೆರಾದಲ್ಲಿ ಕಂಡ ಮುಖ

ಆಯುಧಪೂಜೆ, ನಮ್ಮ ಕಡೆಯ ಖಂಡೇ ಪೂಜೆಯ ದಿನ ಸಂಜೆ ಅವ್ವ ಕೈಕಾಲು ತೊಳೆದುಕೊಂಡು ಬಂದವಳು ಸೆರಗಿನೊಳಗೆ ಕೈಯಾಡಿಸಿ ಹಾಗೇ ನಿಂತುಬಿಟ್ಟಳು. ಕೊರಳಲ್ಲಿ ಲಿಂಗ ಇರಲಿಲ್ಲ. ನಿಂಬೆಹಣ್ಣಿನಷ್ಟಿದ್ದ ಬೆಳ್ಳಿಯ ಕರಡಿಗೆ, ಅದರೊಳಗಿನ ಲಿಂಗ, ಕಟ್ಟಿಕೊಂಡಿದ್ದ ದಾರ, ಯಾವುದೂ ಇರಲಿಲ್ಲ.

ದೇವರ ಕೋಣೆ, ಬಚ್ಚಲು, ಹಾಸಿಗೆ ಎಲ್ಲ ಹುಡುಕಿದೆವು. ಕತ್ತಲಾಗುವ ಹೊತ್ತಿಗೆ ಊಟಕ್ಕೆ ಕರೆದೆ.

"ಕೊರಳಾಗ ಲಿಂಗ ಇಲ್ದನ ಬಾಯಾಗ ತುತ್ತ ಹೆಂಗ ಇಡ್ಲೆ ಯವ್ವಾ? ಸಿಗೂತನಕಾ ನಂಗ ಏನೂ ಬ್ಯಾಡ," ಎಂದಳು.

ಅವ್ವನಿಗೆ ಎಪ್ಪತ್ತೆಂಟು. ಸಕ್ಕರೆ ಕಾಯಿಲೆ ಇದೆ. ಊಟವಿಲ್ಲದೆ ಗುಳಿಗೆ ಕೊಡುವ ಹಾಗಿಲ್ಲ, ಗುಳಿಗೆ ಇಲ್ಲದೆ ಎಷ್ಟು ಹೊತ್ತು ಇರಬಹುದೋ ಗೊತ್ತಿಲ್ಲ. ಆಕೆಯ ಜೊತೆ ವಾದ ಮಾಡಿ ಗೆದ್ದವರು ನಮ್ಮ ಮನೆತನದಲ್ಲಿ ಯಾರೂ ಇಲ್ಲ.

ನಮ್ಮ ಓಣಿಯಲ್ಲೊಂದು ಕಳವಾದ ಮೇಲೆ ತಲೆಬಾಗಿಲ ಮೇಲೆ ಕ್ಯಾಮೆರಾ ಹಾಕಿಸಿದ್ದೆ. ಅದು ತೆಗೆದದ್ದನ್ನೆಲ್ಲ ಫೋನಿನಲ್ಲಿ ನೋಡಬಹುದು. ಮರುದಿನ ಬೆಳಿಗ್ಗೆ ಕುಳಿತು ಹಿಂದಿನ ಮಧ್ಯಾಹ್ನದ್ದನ್ನು ತೆಗೆದೆ. ಎಲ್ಲವೂ ಹಾಲಿನೊಳಗಿಂದ ನೋಡಿದ ಹಾಗಿತ್ತು. ಅಂಗಳ ಬಿಳಿಬಿಳಿ, ನನ್ನ ಸ್ಕೂಟರ್ ಒಂದು ಬೂದು ಗುಡ್ಡೆ. ಹನ್ನೆರಡೂವರೆಗೆ ಒಬ್ಬ ಹೆಂಗಸಿನ ಆಕಾರ ಬಾಗಿಲಿನಿಂದ ಹೊರಬಂತು, ಮೆಟ್ಟಿಲ ಹತ್ತಿರ ಬಗ್ಗಿತು, ಸೊಂಟದ ಹತ್ತಿರ ಕೈ ಒಯ್ದು ಹೊರಟುಹೋಯಿತು.

ಮಸುಕಾದ ಚಿತ್ರವನ್ನು ಸ್ಪಷ್ಟ ಮಾಡಿಕೊಡುವ ಆ್ಯಪ್ ಒಂದು ಇದೆಯೆಂದು ಯಾರೋ ಹೇಳಿದ್ದು ನೆನಪಾಯಿತು. ಹಾಕಿಕೊಂಡು ಆ ಚಿತ್ರ ಕೊಟ್ಟೆ. ಗಿರಗಿರ ತಿರುಗಿ, ಬಿಳಿಯ ಹೊಗೆಯೊಳಗಿಂದ ಒಂದು ಮುಖ ಮೂಡಿತು. ಕಣ್ಣು, ಹುಬ್ಬು, ಮೂಗುಬೊಟ್ಟು, ತುಸು ನಗು. ಹತ್ತು ವರ್ಷದಿಂದ ನಮ್ಮ ಮನೆಗೆಲಸಕ್ಕೆ ಬರುವ ಹೆಂಗಸಿನ ಮುಖ.

ಆಮೇಲೆ ಒಂದೊಂದೇ ನೆನಪಾಗತೊಡಗಿತು. ನಿನ್ನೆ ಆಕೆ ಉಡಿಯ ಮೇಲೆ ಕೈ ಇಟ್ಟುಕೊಂಡು ಹೋಗಿದ್ದಳು. ಗಡಿಬಿಡಿಯಲ್ಲಿದ್ದಳು. ನನ್ನ ಮುಖ ನೋಡಿರಲಿಲ್ಲ. ಮೂರನ್ನೂ ದಿನಚರಿಯಲ್ಲಿ ಬರೆದುಕೊಂಡೆ. ನನಗೆ ನೆನಪಿನ ಮೇಲೆ ಭರವಸೆ ಕಡಿಮೆ. ಅದಕ್ಕೇ ಕಾಲೇಜಿನ ದಿನಗಳಿಂದ ದಿನಚರಿ ಬರೆಯುತ್ತೇನೆ. ಆದರೆ ಅಂದು, ಬರೆದೆನೆಂಬ ಕಾರಣಕ್ಕೇ ಅದನ್ನು ನಂಬಿದೆ.

ಅಷ್ಟರಲ್ಲಿ ಆಕೆ ಕೆಲಸಕ್ಕೆ ಬಂದಳು. ಸುದ್ದಿ ಕೇಳಿ ಸೆರಗು ಬಿಗಿದು, ಹಿತ್ತಲಲ್ಲಿ ಕಸದ ಬುಟ್ಟಿ ಸುರಿದು ಕೈಯಿಂದ ಕೆದಕತೊಡಗಿದಳು. ನಾನು ಕಿಟಕಿಯಿಂದ ನೋಡುತ್ತ, ಚೆನ್ನಾಗಿ ನಟಿಸುತ್ತಾಳೆ ಅಂದುಕೊಂಡೆ. ಇದನ್ನು ಬರೆಯಲು ಈಗ ಕೈ ಹಿಂಜರಿಯುತ್ತದೆ.

ಕ್ಯಾಮೆರಾ ಕೂಡಿಸಿದವನು ಹುಬ್ಬಳ್ಳಿಯವನು. ಚಿತ್ರ ಇನ್ನಷ್ಟು ಸ್ಪಷ್ಟವಾದರೆ ಆಕೆಯ ಮುಂದೆ ಇಡಬಹುದೆಂದು ಅವನನ್ನು ಕರೆಸಿದೆ. ಹತ್ತಕ್ಕೆಲ್ಲ ಬಂದ. ಫೋನಿನಲ್ಲಿದ್ದ ಮುಖ ನೋಡಿದ.

"ಇದ ಯಾರ‍್ರಿ ಅಕ್ಕಾರ?"

"ನಮ್ಮ ಕೆಲಸದಾಕಿ," ಎಂದೆ ಮೆಲ್ಲಗೆ.

ಅವನು ಕಿಟಕಿಯಾಚೆ ಗೊಣಗುತ್ತ ಕಸ ಕೆದಕುತ್ತಿದ್ದ ಆಕೆಯ ಬಾಯಿ ನೋಡಿದ, ಮತ್ತೆ ಫೋನು ನೋಡಿದ. "ಆಕಿಗೆ ಮುಂದಿನ ಹಲ್ಲ ಎರಡು ಇಲ್ಲಲ್ರಿ. ಇಲ್ಲಿ ನೋಡಿದ್ರ ಸಾಲು ಹಿಡದು ಅದಾವು. ಒಂದ ದಿನದಾಗ ಉದುರಿದುವೇನು?"

ನಾನು ನೋಡಿದೆ. ಹೌದು. ಆಕೆಯ ಹಲ್ಲು ಬಿದ್ದು ಎರಡು ವರ್ಷವಾಗಿದೆ, ದಿನಾ ಆ ಬಾಯಿಯ ಜೊತೆ ಮಾತಾಡುತ್ತೇನೆ. ಚಿತ್ರದ ಹಲ್ಲು ಮುತ್ತು ಪೋಣಿಸಿದ ಹಾಗಿದ್ದರೂ ಕಣ್ಣಿಗೆ ಬಿದ್ದಿರಲಿಲ್ಲ.

"ಮಬ್ಬಿನಾಗ ಇಲ್ಲದ್ದು ಎಲ್ಲಿಂದ ಬರಬೇಕ್ರಿ? ಇದು ಯಾವುದೋ ಮುಖ ತಾನ ಬರೀತೈತಿ. ಹೆಸರ ನೀವು ಇಟ್ಟೀರಿ," ಎಂದ. "ನಾವು ರಿಪೇರಿಯವರು ಕೆಟ್ಟದ್ದನ್ನ ಮೊದಲಿಗೇ ತಿದ್ದಾಕ ಹೋಗೂದಿಲ್ರಿ. ಯಾವಾಗ ಕೆಟ್ಟಿತು, ಅದನ್ನ ನೋಡ್ತೇವಿ."

ಹಬ್ಬದ ದಿನ ಬೆಳಗಿನದನ್ನು ನಾನು ತೆಗೆದೇ ಇರಲಿಲ್ಲ. ಆಗ ಮನೆಯಲ್ಲಿ ಇದ್ದದ್ದು ನಾನು, ಅವ್ವ ಇಬ್ಬರೇ. ಕಳ್ಳರು ಹೊರಗಿನಿಂದಲೇ ಬರಬೇಕೆಂದು ಯಾವಾಗ ತೀರ್ಮಾನಿಸಿದೆನೋ ತಿಳಿಯದು.

ಅವನು ಹಿಂದಕ್ಕೆ ಹಿಂದಕ್ಕೆ ಒಯ್ದ. ಎಂಟೂವರೆಗೆ ಅಂಗಳ ಕನ್ನಡಿಯ ಹಾಗಿತ್ತು. ಅವ್ವ ಬಂದಳು. ಎಡಗೈಯಲ್ಲಿ ಸ್ಕೂಟರಿಗೆ ಹಾಕಲು ತಂದ ಚೆಂಡುಹೂವಿನ ದಪ್ಪ ಮಾಲೆ, ಬಲಗೈಯಲ್ಲಿ ವಿಭೂತಿಯ ಬಟ್ಟಲು. ಖಂಡೇ ಪೂಜೆಗೆ ಮನೆಯ ಯಂತ್ರಗಳೆಲ್ಲ ಪೂಜೆಗೊಳ್ಳಬೇಕು. ಮಿಕ್ಸರ್, ಹೊಲಿಗೆ ಯಂತ್ರ, ಫ್ರಿಜ್ಜು ಆಗಿದ್ದವು. ಈಗ ಕ್ಯಾಮೆರಾದ ಸರದಿ. ನನಗೆ ಹೇಳದೆ ಸ್ಟೂಲು ಹತ್ತಿದಳು. ಬಟ್ಟಲನ್ನು ಬಾಗಿಲ ಮೇಲಿನ ಪಟ್ಟಿಯ ಮೇಲಿಟ್ಟು, ಬೆರಳು ಅದ್ದಿ ಕೈ ಎತ್ತಿದಳು. ಕರಡಿಗೆ ಸೆರಗಿನಿಂದ ಹೊರಗೆ ಜಾರಿ ತೂಗಿತು. ಹಳೆಯ ದಾರ ಮಾಲೆಗೆ ಸಿಕ್ಕಿಕೊಂಡಿತು. ಕೈ ಇನ್ನಷ್ಟು ಮೇಲೆ ಹೋದಾಗ ದಾರ ಹರಿದು, ಕರಡಿಗೆ ಹೂವಿನೊಳಗೆ ಸೇರಿತು. ಆಮೇಲೆ ಮೂರು ಬೆರಳು ಪರದೆ ತುಂಬ ಬಂದವು, ಎಲ್ಲ ಬೆಳ್ಳಗಾಯಿತು.

ನಾನು ಫೋನು ಬಿಟ್ಟು ಓಡಿದೆ. ಪೂಜೆಯಾದ ಗಾಡಿಯನ್ನು ಒಂದು ದಿನ ಹೊರಗೆ ತೆಗೆಯಬಾರದೆಂಬುದು ಅವ್ವನ ಕಟ್ಟಳೆ. ಆ ಕಟ್ಟಳೆಗೆ ಎಷ್ಟೋ ಸಲ ಗೊಣಗಿದ್ದೇನೆ. ಸ್ಕೂಟರ್ ಇಟ್ಟಲ್ಲೇ ಇತ್ತು, ಹಿಡಿಕೆಗೆ ಹಾಕಿದ ಮಾಲೆ ಬಾಡಿತ್ತು. ಹೂ ಸರಿಸಿದೆ. ಬೆಳ್ಳಿ ಮಿಂಚಿತು.

ಅವ್ವ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡಳು. ಸ್ನಾನ ಮಾಡಿ ಪೂಜೆಗೆ ಕುಳಿತಳು. ಎದ್ದು ಬಂದು ರೊಟ್ಟಿ ಮುರಿದು ಬಾಯಿಗಿಟ್ಟಾಗ ನಾನು ಅಡುಗೆಮನೆಯ ಗೋಡೆಗೆ ಒರಗಿ ನಿಂತಿದ್ದೆ. ಗುಳಿಗೆ ಕೊಟ್ಟೆ. ನುಂಗಿದಳು.

"ಛಲೋ ಆತ್ರಿ ಅಮ್ಮಾರ," ಎಂದಳು ಕೆಲಸದಾಕೆ, ಕಸ ಮೆತ್ತಿದ ಕೈ ಒರೆಸಿಕೊಳ್ಳುತ್ತ. "ಹೊರಗಿಂದ ಬರಾಕಿ ನಾ ಒಬ್ಬಾಕಿ. ಮುಂಜಾನಿಂದ ನನ್ನ ಎದಿ ಡವಡವ ಅನ್ನಾಕತ್ತಿತ್ತು."

ಕ್ಯಾಮೆರಾದವನು ಗಾಜು ಒರೆಸುತ್ತ, "ಅಮ್ಮಾರ, ಇನ್ನ ಮ್ಯಾಲ ಹಣಿಗೆ ಹಚ್ರಿ, ಕಣ್ಣಿಗೆ ಬ್ಯಾಡ್ರಿ," ಎಂದ.

"ಅದಕ್ಕ ಹಣಿ ಎಲ್ಲೈತೋ ತಮ್ಮಾ? ಬರೇ ಕಣ್ಣ ಐತಿ," ಎಂದಳು ಅವ್ವ.

ಅಂದು ಮಧ್ಯಾಹ್ನ ದಿನಚರಿ ತೆರೆದೆ. ಹಬ್ಬದ ದಿನದ ಪುಟದಲ್ಲಿ, ಊಟವಾದ ಕೂಡಲೇ ಬರೆದದ್ದು ನನ್ನದೇ ಅಕ್ಷರದಲ್ಲಿತ್ತು: ಆಕೆಗೆ ನಾಲ್ಕು ಹೋಳಿಗೆ ಕಾಗದದಲ್ಲಿ ಕಟ್ಟಿ ಕೊಟ್ಟೆ, ಉಡಿಯಲ್ಲಿಟ್ಟುಕೊಂಡಳು, ನಗುತ್ತ ಹೋದಳು. ಅದರ ಕೆಳಗೇ ಮರುದಿನದ ಮೂರು ಸಾಲು. ಅವನ್ನು ಹೊಡೆದುಹಾಕಲಿಲ್ಲ. ಪಕ್ಕದಲ್ಲಿ, ಸುಳ್ಳು, ಎಂದು ಬರೆದೆ. ಆ ಮುಖವನ್ನು ಫೋನಿನಿಂದ ಅಳಿಸಿದೆ.

ಆಕೆಯ ಮುಂದೆ ಏನನ್ನೂ ಆಡಿರಲಿಲ್ಲ ಎಂಬುದೇ ನನ್ನ ಸಮಾಧಾನ. "ನಮ್ಮ ಕೆಲಸದಾಕಿ" ಎಂದದ್ದು ಮೆಲ್ಲಗೆ ಎಂದೇ ನನ್ನ ನೆನಪು. ಎಷ್ಟು ಮೆಲ್ಲಗೆ, ಹೇಳಲಾರೆ. ಕಿಟಕಿ ತೆರೆದಿತ್ತು.

ಮಾರನೆಯ ದಿನ ಆಕೆ ಹೊರಟಾಗ ಫೋನಿನಲ್ಲಿ ನೋಡಿದೆ. ಅಂಗಳ ಸ್ವಚ್ಛ ಕಾಣುತ್ತಿತ್ತು. ಆಕೆ ಮೆಟ್ಟಿಲ ಹತ್ತಿರ ಬಗ್ಗಿ ಚಪ್ಪಲಿಯ ಪಟ್ಟಿ ಹಿಮ್ಮಡಿಗೆ ಎಳೆದುಕೊಂಡಳು. ಎದ್ದು, ನೋಯುವ ಸೊಂಟಕ್ಕೆ ಕೈ ಕೊಟ್ಟಳು. ಅಷ್ಟೇ. ಗೇಟಿನ ಹತ್ತಿರ ತಿರುಗಿ, ತಲೆ ಎತ್ತಿ ನೇರ ಕ್ಯಾಮೆರಾದತ್ತ ನೋಡಿ ಕೂಗಿದಳು:

"ಅಕ್ಕಾರ, ಈಗ ಖರೇ ನಾನ ಕಾಣ್ತೇನಿಲ್ರಿ?"

ನಕ್ಕ ಬಾಯಲ್ಲಿ ಎರಡು ಹಲ್ಲಿನ ಜಾಗ ಖಾಲಿ ಇತ್ತು. ನಾನು ಬಾಗಿಲಿಗೆ ಹೋಗಿ, "ನೀನ ಕಾಣ್ತಿ," ಎಂದೆ.