ಮರಗಳಿಗೊಂದು ಲ್ಯಾಟಿನ್ ಪ್ರಾರ್ಥನೆ

ದೋಹಾದ ಮರದ ಕಂಪನಿಯೊಂದರಲ್ಲಿ ನಾನು ಟೈಪಿಸ್ಟ್ ಆಗಿದ್ದೆ. ಕೊಟೇಶನ್ ಟೈಪ್ ಮಾಡುವುದು, ಫ್ಯಾಕ್ಸ್ ಕಳಿಸುವುದು, ಬಂದವರಿಗೆ ಚಹಾ ಹೇಳುವುದು. ನನಗೆ ಬೇಕಿದ್ದದ್ದು ಮಾತ್ರ ಸೇಲ್ಸ್‌ನವರ ಕುರ್ಚಿ. ಅದು ಖಾಲಿಯಾದ ದಿನವೇ ಹೋಗಿ ಕೇಳಿದೆ. ಉಡುಪಿ ಕಡೆಯ ಮ್ಯಾನೇಜರು ನಕ್ಕರು.

"ನಿಮಗೆ ಮರದ ಉಸಾಬರಿ ಎಂತಕ್ಕೆ ಮೇಡಂ? ವೆಸ್ಟ್ ಬೇ ಟವರಿಗೆ ಮರ ಪಾಸ್ ಮಾಡುವ ಕನ್ಸಲ್ಟೆಂಟ್ ಉಂಟಲ್ಲ, ಆ ಈಜಿಪ್ಟಿನ ಮುದುಕ, ಅವನಿಗೆ ಮರದ ಲ್ಯಾಟಿನ್ ಹೆಸರೇ ಆಗ್ಬೇಕು. ನಮ್ಮ ಗಂಡಸರೇ ಬೆವರ್ತಾರೆ."

"ಕಲಿತರೆ ಕೊಡ್ತೀರಾ?"

"ಅವನು ಪಾಸ್ ಮಾಡಿದ್ರೆ ಕುರ್ಚಿ ನಿಮ್ಮದು. ಇಲ್ಲದಿದ್ರೆ ಖಲಾಸ್, ಮತ್ತೆ ಕೇಳ್ಲಿಕ್ಕಿಲ್ಲ."

ಆ ನಗು ನನ್ನ ಮೈಯೆಲ್ಲಾ ಉರಿಸಿತು. ಮುದುಕನ ಹಟಕ್ಕಾದರೂ ಕಾರಣವಿತ್ತು. ಕಂದು ಬಣ್ಣದ ಯಾವ ಹಲಗೆಯನ್ನಾದರೂ ತೇಗವೆಂದು ದಾಟಿಸುವವರು ಪೇಟೆಯಲ್ಲಿದ್ದರು.

ಎಲ್ಲರೂ ಊಟಕ್ಕೆ ಹೋದಾಗ ನಾನು ಗೋದಾಮಿನಲ್ಲಿ ಹಲಗೆ ಮೂಸುತ್ತಿದ್ದೆ. ಗೆರೆ, ತೂಕ, ವಾಸನೆ ಬೇಗ ಒಗ್ಗಿದವು. ಹೆಸರುಗಳು ಮಾತ್ರ ಜಪ್ಪಯ್ಯ ಅಂದರೂ ತಲೆಗೆ ಹತ್ತಲಿಲ್ಲ. ಆಗ ಅಜ್ಜಿ ನೆನಪಾದರು. ಮಂಗಳೂರಿನ ನಮ್ಮ ಮನೆಯಲ್ಲಿ ಸಂಜೆಯ ಜಪಮಾಲೆ ಮುಗಿದ ಮೇಲೆ ಅವರು ಸಂತರ ಹೆಸರುಗಳನ್ನು ಲ್ಯಾಟಿನ್ನಿನಲ್ಲಿ ರಾಗವಾಗಿ ಹೇಳುತ್ತಿದ್ದರು. ಪ್ರತಿ ಹೆಸರಿಗೂ ಮಕ್ಕಳಾದ ನಾವು 'ಓರಾ ಪ್ರೋ ನೋಬಿಸ್' ಎನ್ನಬೇಕು, ನಮಗಾಗಿ ಪ್ರಾರ್ಥಿಸು ಎಂದು. ಅರ್ಥ ತಿಳಿಯದೆ ಕಲಿತರೂ ಒಂದು ಹೆಸರೂ ಮರೆತಿರಲಿಲ್ಲ.

ಆ ರಾಗದಿಂದ ಸಂತರನ್ನು ಇಳಿಸಿ ಮರಗಳನ್ನು ಹತ್ತಿಸಿದೆ. ದೂರದ ದುಖಾನ್ ಊರಿನ ಮನೆಯಿಂದ ಆಫೀಸಿಗೆ ಒಬ್ಬಳೇ ಕಾರು ಓಡಿಸುತ್ತಾ ಹಾಡಿದೆ. ಟೆಕ್ಟೋನಾ ಗ್ರಾಂಡಿಸ್, ಓರಾ ಪ್ರೋ ನೋಬಿಸ್. ಕ್ವೆರ್ಕಸ್ ಆಲ್ಬಾ, ಓರಾ ಪ್ರೋ ನೋಬಿಸ್. ತೇಗಕ್ಕೂ ಓಕ್‌ಗೂ ಕೈಮುಗಿದದ್ದು ಪಾಪವೋ ಏನೋ, ದೇವರು ಸುಮ್ಮನಿದ್ದ.

ಪರೀಕ್ಷೆಯ ದಿನ ತಮ್ಮ ಆಫೀಸಿನಲ್ಲಿ ಕನ್ಸಲ್ಟೆಂಟ್ ಚೀಟಿಯಿಲ್ಲದ ಹಲಗೆ ತುಂಡುಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟರು. ಮೊದಲನೆಯದು ವಾಲ್‌ನಟ್. ಮರ ಗೊತ್ತಾಯಿತು, ಲ್ಯಾಟಿನ್ ಹೆಸರು ಬಾಯಿಗೆ ಬರಲಿಲ್ಲ. ರಾಗದಲ್ಲಿ ಕಲಿತದ್ದರ ಫಜೀತಿ ಇದು. ನಡುವಿನ ಹೆಸರು ಬೇಕಾದರೂ ಮೊದಲಿನಿಂದಲೇ ಹೊರಡಬೇಕು. ವಿಧಿಯಿಲ್ಲದೆ ಮೆಲ್ಲಗೆ ಹಾಡತೊಡಗಿದೆ.

"ಎಂತ ಮಾಡ್ತಾ ಇದ್ದೀರಿ ಮಾರಾಯ್ರೇ?" ಮ್ಯಾನೇಜರು ಪಿಸುಗುಟ್ಟಿದರು. ಮುದುಕರು ಕೈಯೆತ್ತಿ ಅವರನ್ನು ಸುಮ್ಮನಾಗಿಸಿದರು.

"ಜುಗ್ಲಾನ್ಸ್ ನೈಗ್ರಾ!" ಎಂದೆ, ಬೇಕಾದ್ದಕ್ಕಿಂತ ಜೋರಾಗಿ. ಆಮೇಲೆ ಹೆದರಿಕೆ ಬಿಟ್ಟಿತು. ಪ್ರತಿ ತುಂಡಿಗೂ ಧೈರ್ಯವಾಗಿ ಹಾಡಿಯೇ ಉತ್ತರ ಕೊಟ್ಟೆ.

ಕೊನೆಯದನ್ನು ಅವರೇ ನನ್ನ ಕೈಗಿಟ್ಟು, "ಇದು ತೇಗ ತಾನೇ?" ಎಂದು ಇಂಗ್ಲಿಷಿನಲ್ಲಿ ಕೇಳಿದರು. ಮ್ಯಾನೇಜರು ಆಗಲೇ ಹೌದೆಂದು ತಲೆಯಾಡಿಸುತ್ತಿದ್ದರು. ನಾನು ಮೂಸಿದೆ. ತೇಗದ ಎಣ್ಣೆವಾಸನೆಯಿಲ್ಲ.

"ಅಲ್ಲ ಸರ್. ಮಿಲಿಸಿಯಾ ಎಕ್ಸೆಲ್ಸಾ. ಆಫ್ರಿಕಾದ ಮರ. ತೇಗವೆಂದು ಮಾರುತ್ತಾರೆ, ತೇಗವಲ್ಲ."

ಮುದುಕರು ಎದ್ದು ನಿಂತು ಕೈ ಕುಲುಕಿದರು. "ಮಬ್ರೂಕ್! ಇನ್ನು ಮುಂದೆ ಇವರನ್ನೇ ಕಳಿಸಿ," ಎಂದು ಮ್ಯಾನೇಜರಿಗೆ ಹೇಳಿದರು. ಕುಣಿಯಬೇಕೆನಿಸಿತು. ಬ್ಯಾಗನ್ನು ಗಟ್ಟಿಯಾಗಿ ಹಿಡಿದುಕೊಂಡು ಹೊರಬಂದೆ.

ಮ್ಯಾನೇಜರೂ ನನ್ನ ಹಿಂದೆಯೇ ಲಿಫ್ಟ್ ಹತ್ತಿದರು. ಕೆಳಗೆ ಬಂದ ಮೇಲೆ ಕೇಳಿದರು: "ಹಾಗಾದ್ರೆ ನಾಳೆಯಿಂದ ಕೊಟೇಶನ್ ಟೈಪ್ ಮಾಡುದು ಯಾರು?"

"ಅದನ್ನು ನೀವು ನೋಡ್ಕೊಳ್ಳಿ ಸರ್," ಎಂದೆ. "ನಾನು ಸೇಲ್ಸ್."